ಪಿಕಪ್‌ನ ಕಂಪನಿ ಸ್ಟೀರಿಯೊಗೆ ಸಬ್‌ವೂಫರ್ ಸೇರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು ಡಬಲ್ ಕ್ಯಾಬ್ ಪಿಕಪ್. ಹತ್ತಿದವರು ಹಾಡು ಶುರುವಾದ ಮೇಲೆ ಮೊದಲು ಡ್ಯಾಶ್‌ಬೋರ್ಡ್ ಕಡೆ ನೋಡುತ್ತಾರೆ. ಅಲ್ಲಿರುವುದು ಕಂಪನಿಯಿಂದ ಬಂದ ಅದೇ ಸ್ಟೀರಿಯೊ. ಆಮೇಲೆ ಹಿಂದೆ ತಿರುಗಿ ಸಬ್‌ವೂಫರ್ (ಬೇಸ್, ಅಂದರೆ ಕೆಳಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್; ಚಿಕ್ಕದಾಗಿ ಸಬ್) ಕೂತ ಡಬ್ಬ ಹುಡುಕುತ್ತಾರೆ. ಅದು ಹಿಂದಿನ ಸೀಟಿನ ಬೆನ್ನಿಗೆ ಆನಿಸಿಕೊಂಡು ಒಳಗಡೆ ಕೂತಿದೆ, ಹೊರಗೆ ಕಾಣುವುದಿಲ್ಲ. ನನ್ನ ಗಾಡಿಗೆ, ಅಣ್ಣನ ಲಾರಿಗೆ, ಇಬ್ಬರು ಸ್ನೇಹಿತರ ಪಿಕಪ್‌ಗಳಿಗೆ ಇದನ್ನು ನಾನೇ ಕೂರಿಸಿದ್ದೇನೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು.

ಸಬ್ ಹಾಕಬೇಕು ಅಂದ್ರೆ ಕಂಪನಿ ಸೆಟ್ ತೆಗೆದು ಬೇರೆ ಹಾಕಲೇಬೇಕಾ?

ಬೇಡ. ಈಗಿನ ಗಾಡಿಗಳಲ್ಲಿ ಸ್ಟೀರಿಯೊ ಅಂದರೆ ಬರೀ ಹಾಡು ಹಾಕುವ ಡಬ್ಬ ಅಲ್ಲ. ರಿವರ್ಸ್ ಕ್ಯಾಮೆರಾ, ಸ್ಟೀರಿಂಗ್ ಮೇಲಿನ ಬಟನ್, ಫೋನ್, ಕೆಲವು ಗಾಡಿಗಳಲ್ಲಿ ವಾಹನದ ಸೆಟ್ಟಿಂಗ್‌ಗಳು ಕೂಡ ಅದರೊಳಗೇ ಇರುತ್ತವೆ. ಅದನ್ನು ಕಿತ್ತರೆ ಒಂದೊಂದನ್ನೇ ಮತ್ತೆ ಜೋಡಿಸುವುದು ದೊಡ್ಡ ತಲೆನೋವು. ಸಬ್‌ಗೆ ಬೇಕಿರುವುದು ಒಂದು ಸಿಗ್ನಲ್ ಅಷ್ಟೇ. ಅದು ಈಗಿರುವ ಸೆಟ್‌ನಿಂದಲೇ ಸಿಗುತ್ತದೆ.

ಡೋರ್ ಸ್ಪೀಕರ್ ಒಳ್ಳೇದು ಹಾಕಿಸಿದ್ರೆ ಸಾಕಲ್ವಾ?

ಮಾತು, ತಂತಿವಾದ್ಯ, ಕೊಳಲು ಚೆನ್ನಾಗಿ ಕೇಳಬೇಕು ಅಂದರೆ ಸಾಕು. ಆದರೆ ಕೆಳಗಿನ ಸ್ವರಗಳಿಗೆ ಗಾಳಿಯನ್ನು ತಳ್ಳಬೇಕು, ಜಾಸ್ತಿ ತಳ್ಳಬೇಕು. ಡೋರಿನಲ್ಲಿರುವ ಆರೂವರೆ ಇಂಚಿನ ಸ್ಪೀಕರ್‌ಗೆ ಅಷ್ಟು ಶಕ್ತಿ ಇಲ್ಲ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ಡೋರ್ ಸ್ಪೀಕರ್ ಆ ಜಾಗಕ್ಕೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಡೊಳ್ಳಿನ ಹೊಡೆತದಲ್ಲಿ ಕೋಲು ತಾಗಿದ ಸದ್ದು ಕೇಳುತ್ತದೆ, ಹೊಟ್ಟೆಗೆ ಬಂದು ಬಡಿಯುವ ಭಾಗ ಕೇಳುವುದೇ ಇಲ್ಲ. ಆ ಭಾಗಕ್ಕಾಗಿಯೇ ಸಬ್.

ಇನ್ನೊಂದು ಲಾಭ ಇದೆ. ಸಬ್ ಬಂದ ಮೇಲೆ ಡೋರ್ ಸ್ಪೀಕರ್‌ಗಳ ಬೇಸ್ ಸ್ವಲ್ಪ ಇಳಿಸಬಹುದು. ಆಗ ಅವು ಒದರುವುದು ನಿಂತು, ಹಾಡುವವರ ದನಿಯೂ ಸ್ಪಷ್ಟವಾಗುತ್ತದೆ.

ನನ್ನ ಸ್ಟೀರಿಯೊ ಹಿಂದೆ ಆರ್‌ಸಿಎ ಪಿನ್ನೇ ಇಲ್ಲ. ಸಿಗ್ನಲ್ ಎಲ್ಲಿಂದ ತಗೊಳ್ಳೋದು?

ಆರ್‌ಸಿಎ ಅಂದರೆ ಆಂಪ್ಲಿಫೈಯರ್‌ಗೆ ಸಿಗ್ನಲ್ ಕೊಡುವ ದುಂಡು ಪಿನ್. ಬಹುಪಾಲು ಕಂಪನಿ ಸೆಟ್‌ಗಳಲ್ಲಿ ಅದು ಇರುವುದಿಲ್ಲ. ದಾರಿ ಎರಡು. ಸಿಗ್ನಲನ್ನು ಬಲಪಡಿಸಿ ಸಬ್‌ಗೆ ಕೊಡುವ ಆಂಪ್ಲಿಫೈಯರ್‌ನಲ್ಲೇ (ಆಂಪ್) ಸ್ಪೀಕರ್ ವೈರನ್ನು ನೇರ ತೆಗೆದುಕೊಳ್ಳುವ ಹೈ ಲೆವೆಲ್ ಇನ್‌ಪುಟ್ ಇದ್ದರೆ ಹಿಂದಿನ ಡೋರ್ ಸ್ಪೀಕರ್‌ಗೆ ಹೋಗುವ ವೈರಿನಿಂದ ಒಂದು ಕವಲು ತೆಗೆದು ನೇರವಾಗಿ ಕೊಡಬಹುದು. ಇಲ್ಲದಿದ್ದರೆ ನಡುವೆ ಲೈನ್ ಔಟ್‌ಪುಟ್ ಕನ್ವರ್ಟರ್ ಹಾಕಬೇಕು. ಅಂಗಡಿಯಲ್ಲಿ ಎಲ್‌ಒಸಿ ಅಂದರೆ ಕೊಡುತ್ತಾರೆ. ಅದು ಸ್ಪೀಕರ್‌ನ ದೊಡ್ಡ ವೋಲ್ಟೇಜನ್ನು ಇಳಿಸಿ ಆರ್‌ಸಿಎಗೆ ಹೊಂದುವಂತೆ ಮಾಡುತ್ತದೆ.

ಆಂಪ್ ಆನ್ ಆಗಲು ರಿಮೋಟ್ ವೈರ್ ಅಂತ ಒಂದು ಬೇಕು. ಕಂಪನಿ ಸೆಟ್‌ನಲ್ಲಿ ಅದೂ ಸಾಮಾನ್ಯವಾಗಿ ಇರುವುದಿಲ್ಲ. ಒಳ್ಳೆಯ ಎಲ್‌ಒಸಿ ಅಥವಾ ಆಂಪ್ ಆದರೆ ಸ್ಪೀಕರ್ ವೈರಿನಲ್ಲಿ ಸಿಗ್ನಲ್ ಬಂದದ್ದನ್ನು ನೋಡಿ ತಾನೇ ಆನ್ ಆಗುತ್ತದೆ. ಆ ಸೌಲಭ್ಯ ಇಲ್ಲದಿದ್ದರೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿನಿಂದ ತೆಗೆದುಕೊಳ್ಳಿ. ಬ್ಯಾಟರಿಯಿಂದ ನೇರ ಕೊಟ್ಟರೆ ಆಂಪ್ ರಾತ್ರಿಯಿಡೀ ಎಚ್ಚರವಾಗಿರುತ್ತದೆ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಕಂಪನಿ ವೈರನ್ನು ಕತ್ತರಿಸಬೇಡಿ. ನಿಮ್ಮ ಸ್ಟೀರಿಯೊಗೆ ಹೊಂದುವ ಕಪ್ಲರ್ ಸಿಗುತ್ತದಾ ಅಂತ ಮೊದಲು ವಿಚಾರಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ತಿರುಗಿದರೆ ಇಂಥದ್ದು ಸಿಗುವ ಸಾಧ್ಯತೆ ಜಾಸ್ತಿ. ಹಳದಿ ಬಣ್ಣದ ಕಪ್ಲರ್ ಅಥವಾ ಹಳದಿ ಕೊಳವೆಯೊಳಗೆ ಹೋಗುವ ವೈರ್ ಕಂಡರೆ ಮುಟ್ಟಲೇಬೇಡಿ. ಅದು ಏರ್‌ಬ್ಯಾಗಿನದು.

ವಾಲ್ಯೂಮ್ ಏರಿಸಿದಷ್ಟೂ ಬೇಸ್ ಕಡಿಮೆ ಆಗ್ತಿದೆ. ಸಬ್ ಕೆಟ್ಟಿದೆಯಾ?

ಇಲ್ಲ. ಕಂಪನಿಯವರು ತಮ್ಮ ಸಣ್ಣ ಸ್ಪೀಕರ್ ಹರಿದುಹೋಗದಿರಲಿ ಅಂತ ಹಾಗೆ ಮಾಡಿರುತ್ತಾರೆ. ವಾಲ್ಯೂಮ್ ಒಂದು ಮಟ್ಟ ದಾಟಿದ ಮೇಲೆ ಸ್ಟೀರಿಯೊ ತಾನಾಗಿಯೇ ಬೇಸ್ ಇಳಿಸುತ್ತದೆ. ಆ ಕತ್ತರಿಸಿದ ಸಿಗ್ನಲ್ಲೇ ನಿಮ್ಮ ಸಬ್‌ಗೂ ಬರುತ್ತದೆ. ಇದಕ್ಕೆಂದೇ ಬೇಸನ್ನು ಮರಳಿ ತುಂಬುವ ಎಲ್‌ಒಸಿಗಳಿವೆ. ಅಮೆರಿಕದ ಆಡಿಯೊಕಂಟ್ರೋಲ್ ಕಂಪನಿಯ ಅಕ್ಯುಬೇಸ್ ಈ ಕೆಲಸಕ್ಕೆ ಹೆಸರಾದದ್ದು. ಆದರೆ ಕೊಳ್ಳುವ ಮೊದಲು ನಿಮ್ಮ ಸೆಟ್ ನಿಜವಾಗಿಯೂ ಬೇಸ್ ಕತ್ತರಿಸುತ್ತದಾ ಅಂತ ನೋಡಿ. ಎಲ್ಲ ಸೆಟ್‌ಗಳೂ ಹಾಗೆ ಮಾಡುವುದಿಲ್ಲ, ಸುಮ್ನೆ ದುಡ್ಡು ಯಾಕೆ ಹಾಕುವುದು.

8 ಇಂಚು, 10 ಇಂಚು, 12 ಇಂಚು. ಯಾವುದು?

ನಿಮ್ಮ ಆಸೆಯನ್ನಲ್ಲ, ಗಾಡಿಯನ್ನು ಕೇಳಿ. ಕಾರಿನ ಹಾಗೆ ಪಿಕಪ್‌ಗೆ ಡಿಕ್ಕಿ ಇಲ್ಲ. ಇರುವ ಜಾಗ ಎರಡೇ: ಸೀಟಿನ ಕೆಳಗೆ, ಇಲ್ಲವೇ ಹಿಂದಿನ ಸೀಟಿನ ಬೆನ್ನಿಗೂ ಕ್ಯಾಬಿನ್ ಗೋಡೆಗೂ ನಡುವೆ. ಸೀಟನ್ನು ಮಡಚಿ, ಟೇಪ್ ಹಿಡಿದು ಅಳೆಯಿರಿ. ಮೇಲೆ ಎಷ್ಟು ಆಳ, ಕೆಳಗೆ ಎಷ್ಟು ಆಳ ಅಂತ ಬೇರೆ ಬೇರೆ ಬರೆದುಕೊಳ್ಳಿ, ಯಾಕಂದರೆ ಸೀಟಿನ ಬೆನ್ನು ಓರೆಯಾಗಿರುತ್ತದೆ. ಅನೇಕ ಪಿಕಪ್‌ಗಳಲ್ಲಿ ಜಾಕಿ, ಸ್ಪ್ಯಾನರ್ ಇರುವುದೂ ಅಲ್ಲೇ. ಪಂಕ್ಚರ್ ಆದ ದಿನ ಅವು ಕೈಗೆ ಸಿಗಬೇಕು.

ನಾನು ಹೇಳುವುದು ಇಷ್ಟು. ಸೀಟಿನ ಕೆಳಗೆ ಹಾಕುವುದಾದರೆ ಆಂಪ್ ಒಳಗೇ ಇರುವ 8 ಇಂಚಿನ ಅಂಡರ್‌ಸೀಟ್ ಸಬ್. ಬೆನ್ನ ಹಿಂದೆ ಆದರೆ ಆಳ ಕಡಿಮೆ ಇರುವ, ಶ್ಯಾಲೋ ಮೌಂಟ್ ಅಂತಾರಲ್ಲ, ಅಂಥ 10 ಇಂಚಿನದು ಒಂದು. ಸುತ್ತ ಮುಚ್ಚಿದ ಡಬ್ಬದಲ್ಲಿ 10 ಇಂಚಿನ ಸಬ್‌ಗೆ ಸಾಮಾನ್ಯವಾಗಿ 14ರಿಂದ 20 ಲೀಟರ್ ಜಾಗ ಸಾಕು. ತೂತಿರುವ ಪೋರ್ಟೆಡ್ ಡಬ್ಬ ಜೋರಾಗಿ ಕೇಳುತ್ತದೆ ನಿಜ, ಆದರೆ ಜಾಗ ಜಾಸ್ತಿ ಕೇಳುತ್ತದೆ. ಪಿಕಪ್‌ನ ಕ್ಯಾಬಿನ್ ಚಿಕ್ಕದು, ಮುಚ್ಚಿದ್ದು. ಚಿಕ್ಕ ಜಾಗದಲ್ಲಿ ತೀರಾ ಕೆಳಗಿನ ಸ್ವರಗಳು ತಾವಾಗಿಯೇ ಬಲ ಪಡೆಯುತ್ತವೆ. ಹಾಗಾಗಿ ಮುಚ್ಚಿದ ಡಬ್ಬದ 10 ಇಂಚು ನಮಗೆ ಧಾರಾಳವಾಗಿ ಸಾಕು.

ಡಬ್ಬಕ್ಕೆ 18 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಎಲ್ಲರೂ ಬಳಸುತ್ತಾರೆ. ಮಲೆನಾಡು, ಕರಾವಳಿಯವರಿಗೆ ನನ್ನ ಸಲಹೆ ಬೇರೆ. ಸಕಲೇಶಪುರದ ಒಂದು ಮಳೆಗಾಲದಲ್ಲಿ ಒದ್ದೆ ಗೋಣಿಚೀಲ, ಒದ್ದೆ ಬೂಟು ಎಲ್ಲ ಹಿಂದೆ ಎಸೆದು ಎಸೆದು ನನ್ನ ಮೊದಲನೇ ಡಬ್ಬದ ಕೆಳ ಅಂಚು ಹಾಲಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಉಬ್ಬಿಹೋಯಿತು. ಸ್ಕ್ರೂ ಹಿಡಿತ ಬಿಟ್ಟಿತು. ಎರಡನೆಯದನ್ನು ಮರೈನ್ ಪ್ಲೈವುಡ್‌ನಲ್ಲಿ ಮಾಡಿಸಿ, ನೆಲದಿಂದ ಒಂದಿಂಚು ಎತ್ತರಿಸಿ ಕೂರಿಸಿದೆ. ಇವತ್ತಿಗೂ ಗಟ್ಟಿಯಾಗಿದೆ.

ಡಬ್ಬವನ್ನು ಬೋಲ್ಟ್ ಹಾಕಿ ಬಿಗಿಯಲೇಬೇಕು. ಹದಿನೈದು ಇಪ್ಪತ್ತು ಕೆಜಿ ತೂಕದ ವಸ್ತು ಜೋರು ಬ್ರೇಕ್ ಹಾಕಿದಾಗ ಎಲ್ಲಿಗೆ ಬರುತ್ತದೆ ಅಂತ ಯೋಚಿಸಿ. ಹಿಂದಿನ ಸೀಟಿನಲ್ಲಿ ಮಕ್ಕಳು ಕೂತಿರುತ್ತಾರೆ.

ಡಬ್ಬದ ಮೇಲೆ 3000 ವ್ಯಾಟ್ ಅಂತ ಬರೆದಿದೆ. ತಗೊಳ್ಳಲಾ?

ಆ ಸಂಖ್ಯೆಯನ್ನು ನೋಡಲೇಬೇಡಿ. ಆರ್‌ಎಂಎಸ್, ಅಂದರೆ ನಿರಂತರವಾಗಿ ಕೊಡುವ ವ್ಯಾಟ್, ಎಷ್ಟು ಅಂತ ಕೇಳಿ. ಅಂಗಡಿಯವನು ಹೇಳದಿದ್ದರೆ ಆಂಪ್‌ನ ಪಕ್ಕದಲ್ಲಿರುವ ಫ್ಯೂಸ್ ನೋಡಿ. ಅದರ ಆಂಪಿಯರನ್ನು 13.8ರಿಂದ ಗುಣಿಸಿ, ಬಂದದ್ದನ್ನು 0.8ರಿಂದ ಗುಣಿಸಿ. 30 ಆಂಪಿಯರ್ ಫ್ಯೂಸ್ ಇದ್ದರೆ ಸುಮಾರು 330 ವ್ಯಾಟ್. ಕರೆಂಟ್ ಕಡಿಮೆ ಪೋಲು ಮಾಡುವ ಕ್ಲಾಸ್ ಡಿ ಆಂಪ್ ಆದರೂ ನಿರಂತರವಾಗಿ ಕೊಡುವುದು ಅಷ್ಟೇ. ಒಳಗೆ ಹೋಗುವ ಕರೆಂಟ್‌ಗಿಂತ ಜಾಸ್ತಿ ಹೊರಗೆ ಬರಲು ಸಾಧ್ಯವಿಲ್ಲ ಅಲ್ವಾ?

ಕಂಪನಿ ಸ್ಟೀರಿಯೊ ಕೂಡ ಹೀಗೆಯೇ. 50 ವ್ಯಾಟ್ × 4 ಅಂತ ಬರೆದಿದ್ದರೂ ಒಂದೊಂದು ಸ್ಪೀಕರ್‌ಗೆ ನಿಜವಾಗಿ ಹೋಗುವುದು ಹದಿನೈದು ಇಪ್ಪತ್ತು ವ್ಯಾಟ್. ಅದಕ್ಕೇ ಹೇಳುವುದು, ಕಂಪನಿ ಡೋರ್ ಸ್ಪೀಕರ್‌ಗಳ ಜೊತೆಗೆ 250ರಿಂದ 300 ವ್ಯಾಟ್ ಆರ್‌ಎಂಎಸ್ ಸಬ್ ಹಾಕಿದರೆ ಸರಿಸಮ ಆಗುತ್ತದೆ. ಅದಕ್ಕಿಂತ ಮೇಲೆ ಹೋದರೆ ಬರೀ ಗುಡುಗು, ಹಾಡು ಮುಳುಗಿಹೋಗುತ್ತದೆ.

ವೈರಿಂಗ್ ಕಿಟ್ ಯಾವುದಾದ್ರೂ ಆಗುತ್ತಾ?

ಆಗಲ್ಲ. ಈ ಪ್ರಶ್ನೆಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ಎಲ್ಲರೂ ದುಡ್ಡು ಉಳಿಸಲು ನೋಡುವುದು ಇಲ್ಲೇ, ಗಾಡಿಗೆ ಬೆಂಕಿ ಹತ್ತುವುದೂ ಇಲ್ಲಿಂದಲೇ.

ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಕಿಟ್‌ಗಳಲ್ಲಿರುವುದು ಶುದ್ಧ ತಾಮ್ರ ಅಲ್ಲ, ತಾಮ್ರದ ಲೇಪ ಇರುವ ಅಲ್ಯೂಮಿನಿಯಂ. ಸಿಸಿಎ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದೇ. ಅಷ್ಟೇ ದಪ್ಪದ ತಾಮ್ರದ ವೈರಿಗಿಂತ ಅದು ಕಡಿಮೆ ಕರೆಂಟ್ ಹೊರುತ್ತದೆ. ಜೊತೆಗೆ ದಪ್ಪ ಕಾಣಲಿ ಅಂತ ಮೇಲಿನ ಪ್ಲಾಸ್ಟಿಕ್ಕನ್ನೇ ದಪ್ಪ ಮಾಡಿರುತ್ತಾರೆ.

ಒಬ್ಬ ಸ್ನೇಹಿತನ ಪಿಕಪ್‌ಗೆ ಒಂದು ಅಂಗಡಿಯಲ್ಲಿ ಹೀಗೇ ಹಾಕಿಕೊಟ್ಟಿದ್ದರು. ಬೇಸ್ ಬಂದಾಗಲೆಲ್ಲ ಆಂಪ್ ಆಫ್ ಆಗಿ ಆನ್ ಆಗುತ್ತಿತ್ತು. ಮಲ್ಟಿಮೀಟರ್ ಹಿಡಿದು ನೋಡಿದೆ. ಎಂಜಿನ್ ಓಡುತ್ತಿದ್ದಾಗ ಬ್ಯಾಟರಿ ಮೇಲೆ 13.9 ವೋಲ್ಟ್. ಹಾಡು ಹಾಕಿಸಿ ಆಂಪ್‌ನ ಟರ್ಮಿನಲ್ ಮೇಲೆ ಇಟ್ಟರೆ ಒಂದೊಂದು ಹೊಡೆತಕ್ಕೂ ಮುಳ್ಳು 11ರ ಹತ್ತಿರಕ್ಕೆ ಬೀಳುತ್ತಿತ್ತು. ದಾರಿಯಲ್ಲೇ ಕರೆಂಟ್ ಸೋರಿಹೋಗುತ್ತಿತ್ತು ಅನ್ನಿ. ಅರ್ತ್ ವೈರನ್ನು ಪೇಂಟ್ ಮೇಲೆಯೇ ಸ್ಕ್ರೂ ಹೊಡೆದು ಕೂರಿಸಿದ್ದರು. ಪೇಂಟ್ ಕೆರೆದು ಲೋಹ ಹೊಳೆಯುವಂತೆ ಮಾಡಿ, ಮುಳ್ಳು ವಾಷರ್ ಹಾಕಿ ಬೋಲ್ಟ್ ಬಿಗಿದೆ. ವೈರ್ ಬದಲಾಯಿಸಿ ತಾಮ್ರದ 4 ಗೇಜ್ ಎಳೆದೆ (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ವೈರ್ ದಪ್ಪ). ಆಮೇಲೆ ಅದೇ ಹಾಡಿಗೆ 13.5ರಿಂದ ಕೆಳಗೆ ಇಳಿಯಲಿಲ್ಲ. ಸಬ್ ಅದೇ, ಆಂಪ್ ಅದೇ. ಅವನು ಮಾತ್ರ ‘ಹೊಸ ಸಬ್ ಹಾಕಿದ್ಯೇನೋ?’ ಅಂತ ಕೇಳಿದ.

ಅದೇ ಗಾಡಿಯಲ್ಲಿ ಇನ್ನೊಂದು ಕಂಡಿತು, ಅದನ್ನು ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ. ಬ್ಯಾಟರಿ ಹತ್ತಿರ ಫ್ಯೂಸೇ ಇರಲಿಲ್ಲ. ಎಂಜಿನ್ ಕಡೆಯಿಂದ ಕ್ಯಾಬಿನ್ ಒಳಗೆ ಬರುವ ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಕೂಡ ಇರಲಿಲ್ಲ. ತಗಡಿನ ಅಂಚು ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಅರ್ಧ ಕೊಯ್ದಿತ್ತು. ಇನ್ನೊಂದು ತಿಂಗಳು ಕಳೆದಿದ್ದರೆ ಆ ವೈರ್ ಬಾಡಿಗೆ ತಾಗಿ ಕೆಂಡವಾಗುತ್ತಿತ್ತು. ಅದಕ್ಕೇ ಹೇಳುತ್ತೇನೆ: ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು. ಆಂಪ್‌ನಲ್ಲಿರುವ ಫ್ಯೂಸ್ ಆಂಪನ್ನು ಕಾಯುತ್ತದೆ, ವೈರನ್ನು ಕಾಯುವುದಿಲ್ಲ.

300 ವ್ಯಾಟ್‌ವರೆಗೆ ತಾಮ್ರದ 8 ಗೇಜ್ ಸಾಕು. 500 ದಾಟಿದರೆ 4 ಗೇಜ್. ಅರ್ತ್ ವೈರ್ ಪವರ್ ವೈರಿನಷ್ಟೇ ದಪ್ಪ ಇರಲಿ, ಆದಷ್ಟು ಗಿಡ್ಡ ಇರಲಿ. ಇಡೀ ಕೆಲಸಕ್ಕೆ ನೂರು ರೂಪಾಯಿ ಇಟ್ಟುಕೊಂಡಿದ್ದರೆ ಅದರಲ್ಲಿ ಇಪ್ಪತ್ತೈದು ವೈರಿಗೆ ಹೋಗಲಿ.

ಬ್ಯಾಟರಿ, ಡೈನಮೊ ತಡೆದುಕೊಳ್ಳುತ್ತಾ?

300 ವ್ಯಾಟ್ ಆಂಪ್ ಪೂರ್ತಿ ದುಡಿದಾಗ ಎಳೆಯುವುದು 27 ಆಂಪಿಯರ್ ಆಸುಪಾಸು. ಹಾಡಿನಲ್ಲಿ ಬೇಸ್ ಬಂದು ಹೋಗುತ್ತಿರುತ್ತದೆ, ಹಾಗಾಗಿ ಸರಾಸರಿ ಅದಕ್ಕಿಂತ ಎಷ್ಟೋ ಕಡಿಮೆ. ಗಾಡಿ ಓಡುತ್ತಿದ್ದರೆ ಚಿಂತೆ ಬೇಡ. ಎಂಜಿನ್ ಆಫ್ ಮಾಡಿ ಗಂಟೆಗಟ್ಟಲೆ ಹಾಡು ಕೇಳುವ ಅಭ್ಯಾಸ ಇದ್ದರೆ ಮಾತ್ರ ಎಚ್ಚರ.

2 ಓಮ್, 4 ಓಮ್ ಅಂದ್ರೆ ಏನು? ಹೇಗೆ ಜೋಡಿಸೋದು?

ಸಬ್ ಆಂಪ್‌ಗೆ ಒಡ್ಡುವ ತಡೆ ಅದು. ತಡೆ ಕಡಿಮೆಯಾದಷ್ಟೂ ಆಂಪ್ ಜಾಸ್ತಿ ಕರೆಂಟ್ ಕೊಡಬೇಕಾಗುತ್ತದೆ. ಎರಡು ಕಾಯಿಲ್ ಇರುವ ಸಬ್ ಆದರೆ, ತಲಾ 4 ಓಮ್ ಅಂತಿಟ್ಟುಕೊಳ್ಳಿ, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೊಟ್ಟರೆ 2 ಓಮ್. ಒಂದರ ಮೈನಸ್ಸನ್ನು ಇನ್ನೊಂದರ ಪ್ಲಸ್‌ಗೆ ಕೊಟ್ಟರೆ 8 ಓಮ್. ನಿಮ್ಮ ಆಂಪ್ ಎಷ್ಟು ಓಮ್‌ವರೆಗೆ ತಡೆಯುತ್ತದೆ ಅಂತ ಅದರ ಪುಸ್ತಕದಲ್ಲಿ ಬರೆದಿರುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಬಿಸಿಯಾಗಿ ಸುಡುತ್ತದೆ.

ಗೇನ್ ಎಷ್ಟಕ್ಕೆ ಇಡಬೇಕು?

ಗೇನ್ ಅಂದರೆ ವಾಲ್ಯೂಮ್ ಅಲ್ಲ. ಅದನ್ನು ಪೂರ್ತಿ ತಿರುಗಿಸಿ ಇಟ್ಟವರೇ ಆಮೇಲೆ ಸಬ್ ಸುಟ್ಟುಹೋಯಿತು ಅನ್ನುವುದು. ಸ್ಟೀರಿಯೊದಿಂದ ಬರುವ ಸಿಗ್ನಲ್‌ಗೂ ಆಂಪ್‌ಗೂ ಹೊಂದಿಸುವ ಕೀಲಿ ಅದು.

ಒಂದು ಮಲ್ಟಿಮೀಟರ್ ಸಾಕು. ಸ್ಟೀರಿಯೊದಲ್ಲಿ ಬೇಸ್, ಟ್ರೆಬಲ್ ಎರಡನ್ನೂ ಸೊನ್ನೆಗೆ ತನ್ನಿ. ಆಂಪ್‌ನ ಬೇಸ್ ಬೂಸ್ಟ್ ಸೊನ್ನೆ. ಸಬ್‌ನ ವೈರ್ ಬಿಚ್ಚಿ. ಗೇನ್ ಪೂರ್ತಿ ಕೆಳಗೆ. 50 ಹರ್ಟ್ಜ್ ಟೆಸ್ಟ್ ಟೋನ್ ಹಾಕಿ, ವಾಲ್ಯೂಮನ್ನು ಮುಕ್ಕಾಲು ಭಾಗಕ್ಕೆ ಏರಿಸಿ. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಆಂಪ್‌ನ ಔಟ್‌ಪುಟ್ ಮೇಲೆ ಹಿಡಿಯಿರಿ. ಎಷ್ಟು ವೋಲ್ಟ್ ಬರಬೇಕು ಅಂದರೆ, ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 300 ವ್ಯಾಟ್, 4 ಓಮ್ ಆದರೆ 1200ರ ವರ್ಗಮೂಲ, ಅಂದರೆ 34.6. ಗೇನನ್ನು ನಿಧಾನವಾಗಿ ತಿರುಗಿಸಿ ಅಲ್ಲಿಗೆ ಬಂದಾಗ ನಿಲ್ಲಿಸಿ. ಇಷ್ಟೇ ಕೆಲಸ. ಆ ಮುಕ್ಕಾಲು ವಾಲ್ಯೂಮೇ ಇನ್ನು ಮುಂದೆ ನಿಮ್ಮ ಗಡಿ, ಅದಕ್ಕಿಂತ ಮೇಲೆ ಹೋಗಬೇಡಿ.

ಮೇಲಿನ ಸ್ವರಗಳನ್ನು ಸಬ್‌ಗೆ ಬಿಡದ ಲೋ ಪಾಸ್ ಫಿಲ್ಟರನ್ನು 80 ಹರ್ಟ್ಜ್‌ಗೆ ಇಟ್ಟು ಶುರುಮಾಡಿ. ಬೇಸ್ ಹಿಂದಿನಿಂದ ಬರುತ್ತಿದೆ ಅಂತ ಗೊತ್ತಾದರೆ ಇನ್ನೂ ಸ್ವಲ್ಪ ಇಳಿಸಿ. ಕೊನೆಗೆ ಒಂದು ಪರೀಕ್ಷೆ: ಗೊತ್ತಿರುವ ಹಾಡು ಹಾಕಿ, ಸಬ್‌ನ ಪ್ಲಸ್ ಮೈನಸ್ ಅದಲು ಬದಲು ಮಾಡಿ ಎರಡು ಸಲ ಕೇಳಿ. ಡ್ರೈವರ್ ಸೀಟಿನಲ್ಲಿ ಯಾವುದು ತುಂಬಿ ಕೇಳುತ್ತದೋ ಅದನ್ನೇ ಇಟ್ಟುಕೊಳ್ಳಿ. ಎಷ್ಟೋ ಜನ ಈ ಎರಡು ನಿಮಿಷದ ಕೆಲಸ ಮಾಡದೆ ದೊಡ್ಡ ಸಬ್ ಕೊಳ್ಳಲು ಹೋಗುತ್ತಾರೆ.

ಆಕ್ಸಿಲರೇಟರ್ ಒತ್ತಿದಾಗ ಕುಂಯ್ ಅಂತ ಸದ್ದು ಬರುತ್ತೆ.

ಡೈನಮೊ ಸದ್ದು ಆಡಿಯೊ ವೈರಿಗೆ ನುಗ್ಗುತ್ತಿದೆ. ಮೊದಲು ಅರ್ತ್ ನೋಡಿ, ಬಹಳಷ್ಟು ಸಲ ತಪ್ಪು ಅಲ್ಲೇ ಇರುತ್ತದೆ. ಆಮೇಲೆ ಪವರ್ ವೈರ್ ಒಂದು ಬದಿಯಲ್ಲಿ, ಆರ್‌ಸಿಎ ಇನ್ನೊಂದು ಬದಿಯಲ್ಲಿ ಹೋಗಿದೆಯಾ ನೋಡಿ. ಎರಡನ್ನೂ ಒಟ್ಟಿಗೆ ಕಟ್ಟಿದ್ದರೆ ಬಿಡಿಸಿ.

ಹಾಡಿಗಿಂತ ಗಾಡಿಯೇ ಜಾಸ್ತಿ ಅಲ್ಲಾಡ್ತಿದೆ.

ತಗಡು ಕಂಪಿಸುತ್ತಿದೆ. ಹಿಂದಿನ ಗೋಡೆಯ ತಗಡಿಗೆ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸಿ. ಬೆರಳಿನಿಂದ ತಟ್ಟಿ ನೋಡಿ, ಟಣ್ ಅನ್ನುವ ಕಡೆ ಬೇಕು, ಡಬ್ ಅನ್ನುವ ಕಡೆ ಬೇಡ. ಸೀಟ್ ಬೆಲ್ಟಿನ ಬಕಲ್, ಜಾಕಿ, ಬಾಗಿಲ ಪಾಕೆಟ್‌ನಲ್ಲಿರುವ ಚಿಲ್ಲರೆ, ಇವನ್ನೂ ಒಂದೊಂದಾಗಿ ಹಿಡಿದು ನೋಡಿ.

ನಂದು ಲಾರಿ, 24 ವೋಲ್ಟ್. ಆಗುತ್ತಾ?

ಆಗುತ್ತದೆ, ಆದರೆ ದಾರಿ ಬೇರೆ. ಲಾರಿಯಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ಮಾಡಿರುತ್ತಾರೆ. ಕಾರಿನ ಆಂಪ್ 12ರದ್ದು, ನೇರ ಕೊಟ್ಟರೆ ಹೊಗೆ ಬರುತ್ತದೆ. ನಮ್ಮಣ್ಣ ‘ಒಂದೇ ಬ್ಯಾಟರಿಯಿಂದ 12 ಎಳ್ಕೊಂಡ್ರೆ ಆಯ್ತಲ್ಲೋ, ಎಲ್ಲಾ ಲಾರಿಯಲ್ಲೂ ಹಂಗೇ ಮಾಡೋದು’ ಅಂದ. ಹೌದು, ತುಂಬಾ ಜನ ಹಾಗೇ ಮಾಡುತ್ತಾರೆ, ಅದಕ್ಕೇ ಬ್ಯಾಟರಿಗಳು ಬೇಗ ಸಾಯುತ್ತವೆ. ಡೈನಮೊ ಎರಡನ್ನೂ ಒಟ್ಟಿಗೆ ಚಾರ್ಜ್ ಮಾಡುತ್ತದೆ. ಒಂದು ಮಾತ್ರ ಖಾಲಿಯಾಗುತ್ತಿದ್ದರೆ ಅದು ಯಾವತ್ತೂ ಪೂರ್ತಿ ತುಂಬುವುದಿಲ್ಲ, ಇನ್ನೊಂದು ಅಳತೆ ಮೀರಿ ಚಾರ್ಜ್ ಆಗಿ ಕುದಿಯುತ್ತದೆ. ಕೊನೆಗೆ ಎರಡೂ ಹೋಗುತ್ತವೆ.

24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ. 300 ವ್ಯಾಟ್ ಆಂಪ್‌ಗೆ 40 ಆಂಪಿಯರ್ ನಿರಂತರ ಕೊಡುವಂಥದ್ದು ಬೇಕು. ಫ್ಯೂಸ್ ಕನ್ವರ್ಟರ್‌ಗೆ ಮೊದಲೂ ಇರಲಿ, ಆಮೇಲೂ ಇರಲಿ. ಅಣ್ಣನ ಲಾರಿಗೆ ನಾವು ಹಾಕಿದ್ದು ಸ್ಲೀಪರ್ ಬರ್ತ್ ಕೆಳಗೆ ಒಂದು 8 ಇಂಚಿನ ಸಬ್ ಅಷ್ಟೇ. ರಾತ್ರಿ ಘಾಟಿ ಇಳಿಯುವಾಗ ಹಿಂದಿನ ಗಾಡಿಯ ಹಾರ್ನ್ ಕೇಳಿಸಬೇಕು. ಅಷ್ಟು ಜೋರು ಮಾತ್ರ ಇಟ್ಟಿದ್ದೇವೆ.

ನಾನು ಅಮೆರಿಕದಲ್ಲಿದ್ದೀನಿ, ಎಫ್-150 ಇದೆ. ಸಬ್ ಹಾಕಿದ ಮೇಲೆ ಕಿವಿ ಒತ್ತಿದ ಹಾಗೆ ಗುಂಯ್ ಅನ್ನುತ್ತೆ.

ಫೋರ್ಡ್ ಎಫ್-150, ಶೆವರ್ಲೆ ಸಿಲ್ವರಾಡೊ ತರಹದ ಟ್ರಕ್‌ಗಳ ಕೆಲವು ಮಾದರಿಗಳಲ್ಲಿ ಎಂಜಿನ್ ಸದ್ದನ್ನು ಅಳಿಸುವ ವ್ಯವಸ್ಥೆ ಇದೆ. ಚಾವಣಿಯ ಬಟ್ಟೆಯೊಳಗಿನ ಸಣ್ಣ ಮೈಕ್‌ಗಳು ಕ್ಯಾಬಿನ್ ಸದ್ದನ್ನು ಕೇಳಿ, ಸ್ಪೀಕರ್‌ಗಳಿಂದ ಅದರ ವಿರುದ್ಧದ ಸದ್ದು ಹೊರಡಿಸುತ್ತವೆ. ನೀವು ಹೊಸದಾಗಿ ತಂದ ಬೇಸನ್ನೂ ಅದು ಎಂಜಿನ್ ಸದ್ದು ಅಂದುಕೊಂಡು ಅಳಿಸಲು ಹೊರಡುತ್ತದೆ. ಎರಡೂ ಸೇರಿ ಗುಂಯ್‌ಗುಟ್ಟುತ್ತವೆ. ಆ ಮೈಕ್‌ಗಳ ಕಪ್ಲರ್ ಬಿಚ್ಚಿದರೆ ನಿಲ್ಲುತ್ತದೆ. ಫೋನ್ ಮಾತಿಗೆ ಬಳಸುವ ಮೈಕ್ ಬೇರೆ ಇರುತ್ತದೆ, ಅದನ್ನು ಬಿಚ್ಚಬೇಡಿ.

ಬ್ಯಾಟರಿಯ ಮೈನಸ್ ಟರ್ಮಿನಲ್ ಮೇಲೆ ಸೆನ್ಸರ್ ಕೂತಿದ್ದರೆ ಆಂಪ್‌ನ ಅರ್ತನ್ನು ಆ ಟರ್ಮಿನಲ್‌ಗೆ ಕೊಡಬೇಡಿ, ಬಾಡಿಗೆ ಕೊಡಿ. ಇಲ್ಲದಿದ್ದರೆ ಆಂಪ್ ಎಳೆಯುವ ಕರೆಂಟ್ ಸೆನ್ಸರ್ ಕಣ್ಣಿಗೆ ಬೀಳುವುದಿಲ್ಲ, ಚಾರ್ಜಿಂಗ್ ಲೆಕ್ಕ ತಪ್ಪುತ್ತದೆ. ಭಾರತದ ಹೊಸ ಗಾಡಿಗಳಲ್ಲೂ ಈ ಸೆನ್ಸರ್ ಇದ್ದರೆ ಇದೇ ನಿಯಮ.

ವಾರಂಟಿ ಹೋಗುತ್ತಾ? ಪೊಲೀಸರು ಹಿಡೀತಾರಾ?

ವೈರ್ ಕತ್ತರಿಸಿದ್ದರೆ ವಿದ್ಯುತ್ ಸಂಬಂಧದ ದೂರಿಗೆ ಸರ್ವಿಸ್ ಸೆಂಟರ್‌ನವರು ಬೆರಳು ತೋರಿಸಲು ನೀವೇ ಅವಕಾಶ ಕೊಟ್ಟಂತೆ. ಕಪ್ಲರ್ ಹಾಕಿದ್ದರೆ ಸರ್ವಿಸ್‌ಗೆ ಬಿಡುವ ಮೊದಲು ಬಿಚ್ಚಿಡಬಹುದು. ಬುಕ್ ಮಾಡುವಾಗಲೇ ಡೀಲರ್ ಹತ್ತಿರ ಕೇಳಿಕೊಳ್ಳುವುದು ಇನ್ನೂ ಒಳ್ಳೆಯದು.

ಶಬ್ದದ ವಿಷಯಕ್ಕೆ ಬಂದರೆ, ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಬೇಸ್ ಗೋಡೆ ದಾಟಿ ಹೋಗುತ್ತದೆ, ಒಳಗೆ ಕೂತವರಿಗೆ ಅದು ಗೊತ್ತಾಗುವುದಿಲ್ಲ. ನಾನು ನಮ್ಮ ಬೀದಿಗೆ ತಿರುಗುವ ಮೊದಲೇ ಸಬ್ ಇಳಿಸುತ್ತೇನೆ. ಇದಕ್ಕಾಗಿಯೇ ಬೇಸ್ ನಾಬ್ ಒಂದನ್ನು ಗೇರ್ ಪಕ್ಕ ಹಾಕಿಕೊಂಡಿದ್ದೇನೆ, ನೀವೂ ಹಾಕಿಸಿಕೊಳ್ಳಿ.

ನಾನೇ ಮಾಡಬಹುದಾ, ಅಂಗಡಿಗೇ ಹೋಗಬೇಕಾ?

ಅಂಡರ್‌ಸೀಟ್ ಸಬ್ ಆದರೆ ಒಂದು ಭಾನುವಾರದಲ್ಲಿ ನೀವೇ ಮುಗಿಸಬಹುದು. ಶುರುಮಾಡುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡಿ, ಫ್ಯೂಸನ್ನು ಎಲ್ಲಕ್ಕಿಂತ ಕೊನೆಯಲ್ಲಿ ಹಾಕಿ. ಅಂಗಡಿಗೆ ಹೋಗುವುದಾದರೆ ಗಾಡಿ ಬಿಟ್ಟು ಬರಬೇಡಿ, ಪಕ್ಕದಲ್ಲಿ ನಿಂತು ನೋಡಿ. ಬಾನೆಟ್ ಮುಚ್ಚುವ ಮೊದಲು ಮೂರು ಜಾಗ ತೋರಿಸಲು ಹೇಳಿ: ಬ್ಯಾಟರಿ ಪಕ್ಕದ ಫ್ಯೂಸ್, ತಗಡಿನ ತೂತಿನಲ್ಲಿ ರಬ್ಬರ್ ಬುಷ್, ಪೇಂಟ್ ಕೆರೆದು ಕೂರಿಸಿದ ಅರ್ತ್. ಮೂರೂ ಕಣ್ಣಿಗೆ ಕಂಡ ಮೇಲೆ ದುಡ್ಡು ಕೊಡಿ.